ಮನೋವಿಶ್ಲೇಷಣೆ: ಪದದ ಅರ್ಥವೇನು, ಪದ್ಧತಿ ಹುಟ್ಟಿದ್ದು ಹೇಗೆ? ("ಸುಪ್ತ" ಎನ್ನಬಹುದೇ?)

ಅಘನಾಶಿನಿ · ಬೆಳಿಗ್ಗೆ 8:40

ಪದವಿಪೂರ್ವ ತರಗತಿಯ ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಒಂದು ಕೈಪಿಡಿ ತಯಾರಾಗುತ್ತಿದೆ. ಮನೋವಿಶ್ಲೇಷಣೆಯ ಅಧ್ಯಾಯದ ಕರಡು ಹೀಗೆ ಶುರುವಾಗುತ್ತದೆ:

"ಮನೋವಿಶ್ಲೇಷಣೆಯು 1896ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕಂಡುಹಿಡಿದ ಸಿದ್ಧಾಂತ. ಸುಪ್ತ ಮನಸ್ಸಿನಲ್ಲಿ ಮಲಗಿರುವ ಲೈಂಗಿಕ ಆಸೆಗಳೇ ಎಲ್ಲ ಮಾನಸಿಕ ರೋಗಗಳಿಗೆ ಕಾರಣ ಎಂದು ಇದು ಹೇಳುತ್ತದೆ."

ಅಚ್ಚಿಗೆ ಹೋಗುವ ಮುಂಚೆ ಬಲ್ಲವರು ಈ ಎರಡು ವಾಕ್ಯ ನೋಡಿ ಹೇಳಬೇಕು. ಇಸವಿ ಸರಿಯೇ? "ಸಿದ್ಧಾಂತ" ಎನ್ನಬಹುದೇ? "ಸುಪ್ತ" ಪದದ ಬಗ್ಗೆ ಬೇರೆಯೇ ಅನುಮಾನವಿದೆ. ಮಕ್ಕಳು ಮೊದಲು ಓದುವ ಸಾಲುಗಳಿವು; ಇಲ್ಲಿ ತಪ್ಪು ಕೂತರೆ ಆಮೇಲೆ ಕೀಳುವುದು ಕಷ್ಟ.

ಸಾಧನಕೇರಿ · ಬೆಳಿಗ್ಗೆ 9:15

ಇಸವಿ ಪದಕ್ಕೆ ಸರಿ ಅದ, ಪದ್ಧತಿಗೆ ಅಲ್ಲ ನೋಡ್ರಿ.

ಪದ ಮೊದಲು ಅಚ್ಚಾದದ್ದು 30 ಮಾರ್ಚ್ 1896ರಂದು, ಅದೂ ಫ್ರೆಂಚಿನಲ್ಲಿ, ನರರೋಗಗಳಿಗೂ ಆನುವಂಶಿಕತೆಗೂ ಇರುವ ಸಂಬಂಧದ ಬಗ್ಗೆ ಫ್ರಾಯ್ಡ್ ಬರೆದ ಒಂದು ಲೇಖನದಲ್ಲಿ. ಜರ್ಮನ್ ರೂಪ ಬಂದದ್ದು ಅದೇ ವರ್ಷ ಮೇ 15ರಂದು. ಅಲ್ಲಿ ಅವರು ತಮ್ಮದನ್ನು ಹೊಸ ಸಿದ್ಧಾಂತ ಅಂತ ಕರೆಯಲಿಲ್ಲ. ವೈದ್ಯ ಜೋಸೆಫ್ ಬ್ರಾಯರ್ ಅವರ ಪರಿಶೋಧನೆಯ ವಿಧಾನದಿಂದ ಬೆಳೆದದ್ದು ಅಂತಲೇ ಪರಿಚಯ ಮಾಡಿಕೊಟ್ಟರು. ಅಂದರ ಪದ ಹುಟ್ಟುವಾಗ ಅದು ಒಂದು ಕೆಲಸದ ಹೆಸರು.

ಅರ್ಥದ ಮಾತಿಗೆ ಬಂದರೆ, 1923ರಲ್ಲಿ ಒಂದು ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಫ್ರಾಯ್ಡ್ ಅವರೇ ಈ ಪದಕ್ಕೆ ಮೂರು ಅರ್ಥ ಕೊಟ್ಟಿದ್ದಾರೆ. ಬೇರೆ ದಾರಿಯಿಂದ ಮುಟ್ಟಲಾಗದ ಮನೋವ್ಯಾಪಾರಗಳನ್ನು ಶೋಧಿಸುವ ವಿಧಾನ. ಆ ಶೋಧನೆಯ ಮೇಲೆ ನಿಂತ ಚಿಕಿತ್ಸೆ. ಆ ಹಾದಿಯಲ್ಲಿ ಸಿಕ್ಕ ತಿಳಿವಳಿಕೆ ಕೂಡಿಬಂದು ಆಗುತ್ತಿರುವ ಶಾಸ್ತ್ರ. ಈ ಕ್ರಮ ಬಹಳ ಮುಖ್ಯ. ಶೋಧನೆ ಮೊದಲು, ಶಾಸ್ತ್ರ ಕಡೀಗೆ. ನಿಮ್ಮ ಕರಡು ಮೂರನೆಯದನ್ನ ಹಿಡಕೊಂಡು ಮೊದಲ ಎರಡನ್ನ ಬಿಟ್ಟದ. ಈಡಿಪಸ್, ಇಡ್, ಅಹಂ ಅಂತ ಫ್ರಾಯ್ಡ್ ಪದ ಎಲ್ಲಾ ಬಾಯಿಪಾಠ ಮಾಡಿದ ಹುಡುಗರಿಗೆ "ಆ ಚಿಕಿತ್ಸೆಯ ಕೋಣೆಯೊಳಗ ಏನು ನಡೀತದ?" ಅಂತ ಕೇಳಿದರ ಉತ್ತರ ಇರೂದಿಲ್ಲ.

"ಕಂಡುಹಿಡಿದ" ಅನ್ನೂದೂ ಬ್ಯಾಡ. 1880ರಿಂದ 1900ರ ತನಕ ಇಪ್ಪತ್ತು ವರ್ಷ, ಒಂದೊಂದೇ ಹತಾರ ಕೈಬಿಡುತ್ತಾ ಬಂದದ್ದು ಇದು. ಆ ಹತಾರ ಬಿಡಿಸಿದವರು ಬಹುಪಾಲು ರೋಗಿಗಳು.

ಮಂಜಿನಹನಿ · ಬೆಳಿಗ್ಗೆ 9:50

ಒಪ್ಪುತ್ತೇನೆ. "ಹತಾರ ಕೈಬಿಟ್ಟದ್ದು" ಎಂದಿರಲ್ಲ, ಅದನ್ನು ಕ್ರಮವಾಗಿ ಬಿಡಿಸಿ ಬರೆದರೆ ಅಘನಾಶಿನಿಯವರಿಗೆ ನೇರ ಉಪಯೋಗ. ಬ್ರಾಯರ್ ಅವರ ರೋಗಿ ಆನ್ನಾ ಓ. ಪ್ರಕರಣವನ್ನು ಮಾತ್ರ ದಯವಿಟ್ಟು "ಗುಣವಾಯಿತು" ಎಂದು ಬರೆಯಬೇಡಿ. ಪಠ್ಯಗಳಲ್ಲಿ ಆ ತಪ್ಪು ಈಗಲೂ ಉಳಿದುಕೊಂಡಿದೆ.

ಸಾಧನಕೇರಿ · ಬೆಳಿಗ್ಗೆ 10:45

ಕೈಪಿಡಿಗೆ ಹೋಗೂ ಮಾತು, ಹಿಂಗಾಗಿ ಇನ್ನ ಮ್ಯಾಲೆ ಗ್ರಂಥಭಾಷೆಯಲ್ಲೇ ಬರೆಯುತ್ತೇನೆ.

ವಿಯೆನ್ನಾದ ವೈದ್ಯ ಬ್ರಾಯರ್ 21 ವರ್ಷದ ಬರ್ಟಾ ಪಾಪೆನ್‌ಹೈಮ್ ಎಂಬ ಯುವತಿಗೆ ಚಿಕಿತ್ಸೆ ಕೊಟ್ಟದ್ದು ಡಿಸೆಂಬರ್ 1880ರಿಂದ ಜೂನ್ 1882ರವರೆಗೆ. ಪುಸ್ತಕಗಳಲ್ಲಿ ಬರುವ "ಆನ್ನಾ ಓ." ಈಕೆಯೇ. ತಂದೆಯ ಕಾಯಿಲೆಯಲ್ಲಿ ಶುಶ್ರೂಷೆ ಮಾಡುತ್ತಿದ್ದಾಗ ಕೆಮ್ಮು, ಬಲಗೈ ಬಲಗಾಲು ಸೆಟೆದುಕೊಳ್ಳುವುದು, ದೃಷ್ಟಿಯ ತೊಂದರೆ ಎಲ್ಲ ಶುರುವಾದವು. ಒಂದು ಹಂತದಲ್ಲಿ ತಾಯ್ನುಡಿ ಜರ್ಮನ್ನೇ ಬಾಯಿಗೆ ಬರದೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಸಂಜೆ ಹೊತ್ತು ಸಮ್ಮೋಹನದ (ಹಿಪ್ನಾಸಿಸ್) ಸ್ಥಿತಿಯಲ್ಲಿ ಒಂದೊಂದು ಲಕ್ಷಣವನ್ನೂ ಅದು ಮೊದಲು ಕಾಣಿಸಿಕೊಂಡ ಗಳಿಗೆಯವರೆಗೆ ಹಿಂದಕ್ಕೆ ಹೇಳುತ್ತ ಹೋದರೆ ಅದು ಸಡಿಲವಾಗುತ್ತಿತ್ತು ಎಂಬುದು ಬ್ರಾಯರ್ ವರದಿ. ಇದಕ್ಕೆ "ಮಾತಿನ ಚಿಕಿತ್ಸೆ" ಎಂದು ಹೆಸರಿಟ್ಟದ್ದು ವೈದ್ಯರಲ್ಲ, ಆಕೆಯೇ. "ಹೊಗೆಗೂಡು ಗುಡಿಸುವುದು" ಎಂದೂ ಕರೆಯುತ್ತಿದ್ದರು.

ಮಂಜಿನಹನಿಯವರು ಹೇಳಿದ್ದು ಸರಿ. ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ ಬರೆದ 1895ರ ಪುಸ್ತಕ ಓದಿದರೆ ಆಕೆ ಚೇತರಿಸಿಕೊಂಡರು ಎನಿಸುತ್ತದೆ. ಆದರೆ ಜುಲೈ 1882ರಲ್ಲೇ ಆಕೆಯನ್ನು ಸ್ವಿಟ್ಜರ್ಲೆಂಡಿನ ಕ್ರೊಯಿಟ್ಸ್‌ಲಿಂಗೆನ್ ಆರೋಗ್ಯಧಾಮಕ್ಕೆ ಸೇರಿಸಲಾಯಿತು. ಆ ಹೊತ್ತಿಗೆ ಮಾರ್ಫಿನ್ ಅಭ್ಯಾಸವೂ ಅಂಟಿತ್ತು. ಆ ದಾಖಲೆಗಳನ್ನು 1970ರ ದಶಕದಲ್ಲಿ ಇತಿಹಾಸಕಾರ ಹೆನ್ರಿ ಎಲೆನ್‌ಬರ್ಗರ್ ಮತ್ತವರ ನಂತರದವರು ಹೊರತೆಗೆದರು. ಆಮೇಲಿನ ವರ್ಷಗಳಲ್ಲಿ ಬರ್ಟಾ ಚೇತರಿಸಿಕೊಂಡು 1904ರಲ್ಲಿ ಜರ್ಮನಿಯ ಯಹೂದಿ ಮಹಿಳಾ ಸಂಘ ಕಟ್ಟಿದರು. ಆ ಬಾಳು ಬ್ರಾಯರ್ ಅವರ ಗೆಲುವಿನ ಪುರಾವೆ ಅಲ್ಲ. ಅದು ಆಕೆಯದೇ ಸಾಧನೆ.

ಮುಂದಿನದು ಪ್ಯಾರಿಸ್. ಅಕ್ಟೋಬರ್ 1885ರಿಂದ ಫೆಬ್ರವರಿ 1886ರವರೆಗೆ ಫ್ರಾಯ್ಡ್ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ನರವೈದ್ಯ ಶಾರ್ಕೋ ಬಳಿ ಕಲಿತರು. ಸಮ್ಮೋಹನದಲ್ಲಿ ಬರೀ ಮಾತಿನಿಂದ ಕೈ ಸ್ವಾಧೀನ ತಪ್ಪಿಸಬಹುದು, ಮಾತಿನಿಂದಲೇ ಮರಳಿಸಬಹುದು ಎಂದು ಶಾರ್ಕೋ ತೋರಿಸುತ್ತಿದ್ದರು. ನರಕ್ಕೆ ಪೆಟ್ಟಾಗದೆಯೂ ಅಂಗ ನಿಲ್ಲಬಲ್ಲದು ಎಂಬುದು ಫ್ರಾಯ್ಡ್‌ಗೆ ಅಲ್ಲಿ ಕಣ್ಣಾರೆ ಗೊತ್ತಾಯಿತು. ಅವರು ಅದಕ್ಕೂ ಕೆಲವು ವರ್ಷ ಮುಂಚೆ ವಿಯೆನ್ನಾದ ಶರೀರಶಾಸ್ತ್ರಜ್ಞ ಬ್ರ್ಯೂಕೆ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದಡಿ ಮೀನುಗಳ ನರಕೋಶ ನೋಡುತ್ತಿದ್ದವರು ಎಂಬುದು ನೆನಪಿರಲಿ.

ಊರಿಗೆ ಮರಳಿ 1886ರಲ್ಲಿ ಖಾಸಗಿ ವೈದ್ಯಕೀಯ ಶುರುಮಾಡಿದಾಗ ಕೈಯಲ್ಲಿದ್ದದ್ದು ವಿದ್ಯುತ್ ಚಿಕಿತ್ಸೆ, ಸ್ನಾನ, ವಿಶ್ರಾಂತಿ, ಅಂಗಮರ್ದನ. ಅವುಗಳಿಂದ ಏನೂ ಆಗದಾಗ ಸಮ್ಮೋಹನ. ಅದೂ ಮೂರು ಕಡೆ ಕೈಕೊಟ್ಟಿತು. ಎಲ್ಲರೂ ಸಮ್ಮೋಹನಕ್ಕೆ ಒಳಗಾಗುತ್ತಿರಲಿಲ್ಲ. ಆದವರಲ್ಲೂ ವೈದ್ಯರ ಮೇಲಿನ ವಿಶ್ವಾಸ ಕೆಟ್ಟರೆ ಗುಣವಾದದ್ದು ಮರಳಿ ಬರುತ್ತಿತ್ತು. ಮೂರನೆಯದಾಗಿ, ಸಮ್ಮೋಹನವು ರೋಗಿಯ ಎದುರೊತ್ತನ್ನು (ಒಳಗಿನದು ಹೊರಬರದಂತೆ ರೋಗಿಯ ಮನಸ್ಸೇ ಒಡ್ಡುವ ತಡೆಯನ್ನು) ಮರೆಮಾಡುತ್ತಿತ್ತು, ಅದನ್ನು ನೋಡಲು ಬಿಡುತ್ತಿರಲಿಲ್ಲ.

1889ರಲ್ಲಿ ಎಮ್ಮಿ ಎಂಬ ಗುಪ್ತನಾಮದ ರೋಗಿ ರೇಗಿಕೊಂಡು, ಇದು ಎಲ್ಲಿಂದ ಬಂತು ಅದು ಎಲ್ಲಿಂದ ಬಂತು ಎಂದು ಕೇಳುತ್ತ ಕೂರಬೇಡಿ, ನನಗೆ ಹೇಳಬೇಕಾದ್ದನ್ನು ಹೇಳಲು ಬಿಡಿ ಎಂದರು. ಫ್ರಾಯ್ಡ್ ಬಿಟ್ಟರು. ಮುಕ್ತ ಸಾಹಚರ್ಯದ, ಅಂದರೆ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತ ಹೋಗುವ ಕ್ರಮದ, ಮೊದಲ ಮೆಟ್ಟಿಲು ಅದೇ.

1892ರಲ್ಲಿ ಬಂದದ್ದು ಹಣೆ ಒತ್ತುವ ವಿಧಾನ. ರೋಗಿಯನ್ನು ಮಲಗಿಸಿ, ಕಣ್ಣು ಮುಚ್ಚಿಸಿ, ಹಣೆಯ ಮೇಲೆ ಕೈಯಿಟ್ಟು ಒತ್ತಿ, "ಕೈ ತೆಗೆದ ಕೂಡಲೇ ಏನೋ ಒಂದು ಕಾಣುತ್ತದೆ ಇಲ್ಲವೇ ನೆನಪಾಗುತ್ತದೆ, ಅದನ್ನೇ ಹೇಳಿ" ಎನ್ನುವುದು. ಫ್ರಾನ್ಸಿನ ನಾನ್ಸಿ ಊರಿನ ವೈದ್ಯ ಬರ್ನ್‌ಹೈಮ್ ಸಮ್ಮೋಹನದಲ್ಲಿ ನಡೆದದ್ದನ್ನು ಎಚ್ಚರದಲ್ಲಿ ನೆನಪಿಸಲು ಮಾಡುತ್ತಿದ್ದ ಕ್ರಮದಿಂದ ಹೊಳೆದದ್ದು. ಎರಡು ಮೂರು ಸಲ ಒತ್ತಿದ ಮೇಲೆ ಉತ್ತರ ಕೊಟ್ಟ ರೋಗಿಗಳು "ಇದು ಮೊದಲ ಸಲವೇ ಬಂದಿತ್ತು, ಸಂಬಂಧವಿಲ್ಲ ಎಂದು ಹೇಳಲಿಲ್ಲ" ಎನ್ನತೊಡಗಿದರು. ಇಡೀ ಪದ್ಧತಿ ತಿರುಗಿದ್ದು ಈ ಮಾತಿನ ಮೇಲೆ. ನೆನಪು ಇಲ್ಲದ್ದರಿಂದ ಅಲ್ಲ, ಸೋಸಿ ಬಿಸಾಡಿದ್ದರಿಂದ ಸಿಗುತ್ತಿರಲಿಲ್ಲ. ಹಾಗಾದರೆ ಒತ್ತುವುದು ಬೇಡ, ಸೋಸಬೇಡಿ ಎಂದರೆ ಸಾಕು. 1904ರಲ್ಲಿ ತಮ್ಮ ಕ್ರಮವನ್ನು ವಿವರಿಸುವ ಹೊತ್ತಿಗೆ ಫ್ರಾಯ್ಡ್ ಕೈ ಒತ್ತುವುದನ್ನೂ ಕಣ್ಣು ಮುಚ್ಚಿಸುವುದನ್ನೂ ಬಿಟ್ಟಿದ್ದರು. ಉಳಿದದ್ದು ದಿವಾನ (ರೋಗಿ ಮಲಗುವ ಮಂಚ) ಮತ್ತು ಒಂದೇ ನಿಯಮ.

ಕಪಿಲಾತೀರ · ಬೆಳಿಗ್ಗೆ 11:30

ಸಾಧನಕೇರಿಯವರು ವಿವರಿಸಿದ ಹಣೆ ಒತ್ತುವ ಕಾಲದ್ದೇ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಿದರೆ "ದಮನ" (ಬೇಡದ್ದನ್ನು ಅರಿವಿನಿಂದ ಹೊರಗೆ ಒತ್ತಿಹಿಡಿಯುವುದು) ಅಂದರೇನು ಎಂದು ಮಕ್ಕಳಿಗೆ ಒಂದೇ ಪುಟದಲ್ಲಿ ತಿಳಿಯುತ್ತದೆ. 1892ರ ಕೊನೆಯಲ್ಲಿ ಬಂದ ಮಿಸ್ ಲೂಸಿ ಆರ್. ಪ್ರಕರಣ. ಆನ್ನಾ ಓ. ಕಥೆಗಿಂತ ಪಾಠಕ್ಕೆ ಇದೇ ವಾಸಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಲೂಸಿ ವಿಯೆನ್ನಾ ಬಳಿಯ ಕಾರ್ಖಾನೆ ನಿರ್ದೇಶಕರೊಬ್ಬರ ಮನೆಯಲ್ಲಿ ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದ, ಬ್ರಿಟನ್ನಿನಿಂದ ಬಂದ ಗೃಹಶಿಕ್ಷಕಿ. ಮೂಗಿನ ಹಳೆಯ ಸೋಂಕಿನಿಂದ ವಾಸನೆಯೇ ತಿಳಿಯುತ್ತಿರಲಿಲ್ಲ. ಹೀಗಿದ್ದೂ ಒಂದು ವಾಸನೆ ಮಾತ್ರ ಬೆಂಬಿಡದೆ ಕಾಡುತ್ತಿತ್ತು: ಸೀದುಹೋದ ಸಿಹಿತಿಂಡಿಯದು. ಜತೆಗೆ ಮಂಕು, ಆಯಾಸ. ಸಮ್ಮೋಹನ ತಾಗಲಿಲ್ಲ, ಫ್ರಾಯ್ಡ್ ಹಣೆ ಒತ್ತಿದರು.

ಬಂದ ದೃಶ್ಯ ಇದು. ಸುಮಾರು ಎರಡು ತಿಂಗಳ ಹಿಂದೆ, ಆಕೆಯ ಹುಟ್ಟುಹಬ್ಬಕ್ಕೆ ಎರಡು ದಿನ ಮುಂಚೆ, ಪಾಠದ ಕೋಣೆಯಲ್ಲಿ ಮಕ್ಕಳ ಜತೆ ಅಡುಗೆಯಾಟ. ಗ್ಲಾಸ್ಗೋದಿಂದ ತಾಯಿಯ ಕಾಗದ ಬಂತು. ಹುಟ್ಟುಹಬ್ಬದ ಕಾಗದ, ಈಗ ಓದಬಾರದು ಎಂದು ಮಕ್ಕಳು ಕಿತ್ತುಕೊಂಡರು. ಆ ಗಲಾಟೆಯಲ್ಲಿ ಒಲೆಯ ಮೇಲಿದ್ದದ್ದು ಸೀದಿತು. ಕೆಲಸ ಬಿಟ್ಟು ತಾಯಿಯ ಬಳಿಗೆ ಹೋಗಿಬಿಡಬೇಕು ಎಂದು ಆಗ ಲೂಸಿ ಯೋಚಿಸುತ್ತಿದ್ದರು; ಮಕ್ಕಳನ್ನು ಬಿಡುವುದಿಲ್ಲ ಎಂದು ಅವರ ತಾಯಿಗೆ ಸಾಯುವ ಕಾಲದಲ್ಲಿ ಮಾತೂ ಕೊಟ್ಟಿದ್ದರು.

ಇಷ್ಟೇ ಆಗಿದ್ದರೆ ಕಾಯಿಲೆ ಏಕೆ? ಇಲ್ಲಿ ಫ್ರಾಯ್ಡ್ ಒಂದು ಊಹೆ ಮುಂದಿಟ್ಟರು: ನೀವು ಯಜಮಾನರನ್ನು ಪ್ರೀತಿಸುತ್ತಿದ್ದೀರಿ. ಹೌದು, ಇರಬೇಕು ಎಂದರು ಲೂಸಿ. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದಾಗ ಬಂದ ಉತ್ತರದ ಸಾರ: ನನಗೆ ಗೊತ್ತಿರಲಿಲ್ಲ, ಅಲ್ಲ, ಗೊತ್ತುಮಾಡಿಕೊಳ್ಳುವುದು ಬೇಡವಾಗಿತ್ತು, ತಲೆಯಿಂದ ಅಟ್ಟಿಬಿಡಬೇಕು ಅಂತಿದ್ದೆ.

ಇಲ್ಲಿಗೂ ಮುಗಿಯಲಿಲ್ಲ. ಸೀದ ವಾಸನೆ ಹೋಗಿ ಅದರ ಜಾಗದಲ್ಲಿ ಚುಟ್ಟದ ಹೊಗೆಯ ವಾಸನೆ ಕಾಣಿಸಿಕೊಂಡಿತು. ಅದರ ಹಿಂದಿದ್ದದ್ದು ಊಟದ ಮನೆಯ ದೃಶ್ಯ: ವಯಸ್ಸಾದ ಮುಖ್ಯ ಲೆಕ್ಕಿಗ ಹೊರಡುವಾಗ ಮಕ್ಕಳಿಗೆ ಮುತ್ತಿಡಲು ಹೋದಾಗ ಯಜಮಾನ ಕೂಗಾಡಿದ್ದು. ಅದರ ಕೆಳಗೆ ಇನ್ನೂ ಹಳೆಯದೊಂದು: ಅತಿಥಿಯಾಗಿ ಬಂದ ಹೆಂಗಸು ಮಕ್ಕಳ ಬಾಯಿಗೆ ಮುತ್ತಿಟ್ಟಳೆಂದು ಯಜಮಾನ ಲೂಸಿಯ ಮೇಲೇ ಹರಿಹಾಯ್ದದ್ದು. ಇವರಿಗೆ ನನ್ನ ಮೇಲೆ ಅಂಥ ಭಾವನೆಯೇನೂ ಇಲ್ಲ ಎಂದು ಆಸೆ ಮುರಿದುಬಿದ್ದದ್ದು ಆ ದಿನ. ಒಟ್ಟು ಒಂಬತ್ತು ವಾರದ ಕೆಲಸ. ಕೊನೆಗೆ ಮೂಗಿಗೆ ವಾಸನೆ ಸ್ವಲ್ಪ ಮಟ್ಟಿಗೆ ಮರಳಿತು. ಪ್ರೀತಿ ಹೋಗಲಿಲ್ಲ; ಇದೆ ಎಂದು ಒಪ್ಪಿಕೊಂಡು ಹಗುರವಾಗಿದ್ದರು.

ಮಕ್ಕಳಿಗೆ ಮೂರು ವಿಷಯ ತೋರಿಸಿ. ಲಕ್ಷಣದ ವಾಸನೆ ಅಡ್ಡಾದಿಡ್ಡಿ ಆರಿಸಿದ್ದಲ್ಲ, ಆ ಗಳಿಗೆಯಲ್ಲಿ ನಿಜಕ್ಕೂ ಮೂಗಿಗೆ ಬಡಿದದ್ದು. ಮೇಲಿನ ಪದರ ತೆಗೆದರೆ ಕೆಳಗಿನದು ಲಕ್ಷಣದ ರೂಪದಲ್ಲೇ ಮೇಲೇಳುತ್ತದೆ. ಮತ್ತೆ ಇಲ್ಲಿ ಯಾವ ಬಾಲ್ಯದ ಆಘಾತವೂ ಇಲ್ಲ, ವಯಸ್ಕಳೊಬ್ಬಳ ಒಂದು ಪ್ರೀತಿ ಮತ್ತು ಮರ್ಯಾದೆಯ ಪ್ರಶ್ನೆ.

ಅಘನಾಶಿನಿ · ಬೆಳಿಗ್ಗೆ 11:52

ಲೂಸಿ ಪ್ರಕರಣ ಖಂಡಿತ ಸೇರುತ್ತದೆ, ಕಪಿಲಾತೀರ ಅವರೇ. ಹಾಗಾದರೆ ಎರಡನೆಯ ವಾಕ್ಯದ "ಲೈಂಗಿಕ ಆಸೆಗಳೇ ಎಲ್ಲ ಮಾನಸಿಕ ರೋಗಗಳಿಗೆ ಕಾರಣ"?

ಮಂಜಿನಹನಿ · ಮಧ್ಯಾಹ್ನ 12:20

ಆ ವಾಕ್ಯದಲ್ಲಿ "ಎಲ್ಲ" ಮೊದಲು ಹೋಗಬೇಕು. ಫ್ರಾಯ್ಡ್ ಮನೋವಿಶ್ಲೇಷಣೆಯನ್ನು ಕಟ್ಟಿದ್ದು ಹಿಸ್ಟೀರಿಯಾ (ದೇಹದಲ್ಲಿ ದೋಷವಿಲ್ಲದೆಯೂ ದೇಹದಲ್ಲಿ ಲಕ್ಷಣ ತೋರುವ ಕಾಯಿಲೆ), ಗೀಳು, ಭೀತಿ ಇಂಥವಕ್ಕೆ. ತೀವ್ರ ಮನೋವಿಕಾರಗಳಲ್ಲಿ ರೋಗಿ ವೈದ್ಯರೊಡನೆ ಭಾವದ ನಂಟು ಕಟ್ಟಲಾರ, ಹಾಗಾಗಿ ಈ ಚಿಕಿತ್ಸೆ ಅಲ್ಲಿ ನಡೆಯದು ಎಂದೇ ಅವರು ನಂಬಿದ್ದರು. ನಂತರದವರು ಆ ಗಡಿ ದಾಟಲು ನೋಡಿದರು, ಅದು ಬೇರೆ ಅಧ್ಯಾಯ.

ಕಾರಣದ ಬಗ್ಗೆ ಅವರ ಮಾತು ಒಂದೇ ಕಡೆ ನಿಲ್ಲಲೂ ಇಲ್ಲ. 1896ರಲ್ಲಿ ಬಾಲ್ಯದಲ್ಲಿ ನಿಜವಾಗಿ ನಡೆದ ಲೈಂಗಿಕ ದೌರ್ಜನ್ಯವೇ ಹಿಸ್ಟೀರಿಯಾದ ಮೂಲ ಎಂದರು. 21 ಸೆಪ್ಟೆಂಬರ್ 1897ರಂದು ಬರ್ಲಿನ್ನಿನ ಗೆಳೆಯ ಫ್ಲೀಸ್‌ಗೆ ಕಾಗದ ಬರೆದು ಅದರಲ್ಲಿ ತನಗೆ ನಂಬಿಕೆ ಉಳಿದಿಲ್ಲ ಎಂದರು. ನಿಜದಲ್ಲಿ ನಡೆದದ್ದು ಯಾವುದು, ಬಯಕೆ ಹೆಣೆದದ್ದು ಯಾವುದು ಎಂದು ಅಪ್ರಜ್ಞೆಯಲ್ಲಿ (ಅರಿವಿಗೆ ಬಾರದ ಮನಸ್ಸಿನಲ್ಲಿ) ಬೇರೆಮಾಡಲು ಗುರುತೇ ಇಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಈ ತಿರುವಿನಿಂದ ಕಲ್ಪನೆಯ ಲೋಕ ತೆರೆಯಿತು, ನಿಜ. ಆದರೆ ನಿಜವಾಗಿ ದೌರ್ಜನ್ಯಕ್ಕೆ ಒಳಗಾದ ಮಕ್ಕಳ ಮಾತನ್ನು "ಕಲ್ಪನೆ" ಎಂದು ತಳ್ಳಿಹಾಕಲು ಎಷ್ಟೋ ವೈದ್ಯರಿಗೆ ಇದು ನೆಪವೂ ಆಯಿತು. ಕೈಪಿಡಿಯಲ್ಲಿ ಎರಡೂ ಬರಬೇಕು.

1905ರಿಂದ ಅವರು "ಲೈಂಗಿಕ" ಎನ್ನುವುದು ಸಂಭೋಗವನ್ನಷ್ಟೇ ಅಲ್ಲ, ಶಿಶುವಿನ ಬಾಯಿ ಚೀಪುವ ಸುಖದಿಂದ ಮೊದಲಾಗಿ ಎಲ್ಲವನ್ನೂ. 1920ರಲ್ಲಿ, ಮೊದಲ ಮಹಾಯುದ್ಧದಿಂದ ಬಂದ ಸೈನಿಕರು ಭಯಾನಕ ಕನಸನ್ನೇ ಮತ್ತೆ ಮತ್ತೆ ಕಾಣುವುದನ್ನು ಮುಂದಿಟ್ಟುಕೊಂಡು, ಸುಖವೊಂದೇ ಮನಸ್ಸನ್ನು ನಡೆಸುವುದಿಲ್ಲ ಎಂದರು. ಎಲ್ಲ ಕಾಲಕ್ಕೂ ನಿಂತದ್ದು ಸಂಘರ್ಷ ಎಂಬ ಮಾತು: ಒಂದು ಒತ್ತುತ್ತದೆ, ಇನ್ನೊಂದು ತಡೆಯುತ್ತದೆ, ಇಬ್ಬರೂ ಒಪ್ಪುವ ರಾಜಿಯಾಗಿ ಲಕ್ಷಣ ಮೂಡುತ್ತದೆ.

ಓಲೆಗರಿ · ಮಧ್ಯಾಹ್ನ 2:05

ಈಗ "ಸುಪ್ತ"ಕ್ಕೆ ಬರೋಣ. ನನ್ನ ಮಟ್ಟಿಗೆ ಕರಡಿನ ಅತಿ ದೊಡ್ಡ ತಪ್ಪು ಅದೇ.

ಸುಪ್ತ ಎಂದರೆ ಮಲಗಿದ್ದು. ಕರಡು ಬರೆದವರು "ಸುಪ್ತ ಮನಸ್ಸಿನಲ್ಲಿ ಮಲಗಿರುವ" ಎಂದು ಅದನ್ನೇ ಎರಡು ಸಲ ಹೇಳಿದ್ದಾರೆ. ಫ್ರಾಯ್ಡ್ ಹೇಳಿದ್ದು ಇದಕ್ಕೆ ತೀರಾ ಉಲ್ಟಾ. ಸದ್ಯಕ್ಕೆ ನೆನಪಿನಲ್ಲಿಲ್ಲ, ಬೇಕೆಂದಾಗ ಬರುತ್ತದೆ ಎಂಬಂಥದ್ದನ್ನು, ಅಂದರೆ ನಿಮ್ಮ ಅಜ್ಜಿಯ ಊರಿನ ಹೆಸರಿನಂಥದ್ದನ್ನು, ಅವರು ಪ್ರಜ್ಞಾಪೂರ್ವ ಎಂದು ಬೇರೆಯೇ ಇಟ್ಟರು. ಅದು ಬೇಕಾದರೆ ಸುಪ್ತ. ಅಪ್ರಜ್ಞೆಯಲ್ಲಿರುವುದು ಮಲಗಿಲ್ಲ, ಎದ್ದು ಕೂತಿದೆ, ಬಾಗಿಲು ತಳ್ಳುತ್ತಿದೆ. ಈ ಕಡೆಯಿಂದ ಯಾರೋ ಒತ್ತಿ ಹಿಡಿದಿದ್ದಾರೆ. ಹಿಡಿಯಲು ಶಕ್ತಿ ಖರ್ಚಾಗುತ್ತಲೇ ಇರುತ್ತದೆ. ಲೂಸಿಯ ಆಯಾಸ ನೋಡಿ.

ಜರ್ಮನ್ ಪದ "ಉನ್‌ಬೆವುಸ್ಟ್" ರಚನೆಯಲ್ಲಿ "ಅರಿಯದ", "ಅರಿವಿಗೆ ಬಾರದ" ಎನ್ನುವಂಥದ್ದು. ಅದು ಫ್ರಾಯ್ಡ್ ಟಂಕಿಸಿದ ಪದವೂ ಅಲ್ಲ. ಎಡುವರ್ಡ್ ಫಾನ್ ಹಾರ್ಟ್‌ಮನ್ 1869ರಲ್ಲೇ ಆ ಹೆಸರಿನಲ್ಲಿ ದೊಡ್ಡ ತತ್ತ್ವಗ್ರಂಥ ಪ್ರಕಟಿಸಿದ್ದರು. "ಉಪಪ್ರಜ್ಞೆ" ಎಂಬುದು ಫ್ರಾನ್ಸಿನ ಪಿಯೆರ್ ಜಾನೆ ಬಳಸಿದ ಪದದ ದಾರಿ. ಫ್ರಾಯ್ಡ್ ಅದನ್ನು ಬೇಕೆಂದೇ ದೂರವಿಟ್ಟರು, ಏಕೆಂದರೆ ಕೆಳಗಿದೆಯೋ, ಇನ್ನೊಂದು ಪ್ರಜ್ಞೆಯೋ ಎಂಬ ಗೊಂದಲ ಹುಟ್ಟುತ್ತದೆ. ಕನ್ನಡದಲ್ಲಿ ನಾವು ಸುಪ್ತ, ಉಪ, ಒಳ, ಅಚೇತನ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದ್ದೇವೆ. ತ್ರಿವೇಣಿಯವರ ಕಾದಂಬರಿಗಳು, ಡಾ. ಎಂ. ಶಿವರಾಂ ಅವರ ಬರಹಗಳ ಕಾಲದಿಂದ ಮನಶ್ಶಾಸ್ತ್ರದ ಪದಗಳು ನಮ್ಮ ಓದುಗರಿಗೆ ಮನೆಮಾತಾಗಿವೆ. ಹಾಗಾಗಿ "ಸುಪ್ತ"ವನ್ನು ಒಂದೇಟಿಗೆ ತೆಗೆಯುವುದು ಆಗದ ಕೆಲಸ. ಕಂಸದಲ್ಲಿ ಒಮ್ಮೆ ಕೊಟ್ಟು, ಮುಂದೆ "ಅಪ್ರಜ್ಞೆ" ಬಳಸಿ.

ಇನ್ನೊಂದು ಸಂಗತಿ. "ಇಡ್, ಈಗೋ, ಸೂಪರ್ ಈಗೋ" ಎಂಬ ಲ್ಯಾಟಿನ್ ಇಂಗ್ಲಿಷ್ ಅನುವಾದಕರದ್ದು. 1923ರ ಪುಸ್ತಕದಲ್ಲಿ ಫ್ರಾಯ್ಡ್ ಬರೆದದ್ದು ಬೀದಿಯ ಜರ್ಮನ್: ಎಸ್, ಇಷ್, ಊಬರ್-ಇಷ್. ಅಂದರೆ ಅದು, ನಾನು, ಮೇಲಿನ ನಾನು. ಇಂಗ್ಲಿಷಿನ ಮೂಲಕ ಬಂದ ನಮಗೆ ಅವು "ಅಹಂ, ಪರಾಹಂ" ಆದವು. ಕನ್ನಡದಲ್ಲಿ "ಅಹಂ" ಎಂದ ಕೂಡಲೇ ಸೊಕ್ಕು ಎಂದು ಮಕ್ಕಳು ತಿಳಿಯುತ್ತಾರೆ.

ಕಪಿಲಾತೀರ · ಮಧ್ಯಾಹ್ನ 2:40

"ಅದು" ತುಂಬಾ ಚೆನ್ನಾಗಿದೆ. ಮುಕ್ತ ಸಾಹಚರ್ಯಕ್ಕೂ ಹಾಗೇ ಒಂದು ಮಾತು. ಜರ್ಮನ್ನಿನಲ್ಲಿ ಅದಕ್ಕಿರುವ "ಐನ್‌ಫಾಲ್" ಎಂದರೆ ಒಳಗೆ ಬಂದು ಬಿದ್ದದ್ದು. ನಮ್ಮ "ತೋಚಿದ್ದು" ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೋಚುವುದನ್ನು ನಾವು ಮಾಡುವುದಿಲ್ಲ, ನಮಗೆ ತೋಚುತ್ತದೆ. ನಿಯಮವನ್ನು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಬಹುದು: ತೋಚಿದ್ದನ್ನು ತೋಚಿದ ಹಾಗೆ ಹೇಳಿ, ಕ್ಷುಲ್ಲಕ, ಅಸಂಬದ್ಧ, ನಾಚಿಕೆ ಎಂದು ಯಾವುದನ್ನೂ ಬಿಡಬೇಡಿ. ರೈಲಿನ ಕಿಟಕಿ ಪಕ್ಕ ಕೂತವರು ಹೊರಗೆ ಕಾಣುವುದನ್ನು ಒಳಗಿರುವವರಿಗೆ ಹೇಳುತ್ತ ಹೋಗುವಂತೆ ಎಂದು ಫ್ರಾಯ್ಡ್ 1913ರಲ್ಲಿ ಹೋಲಿಕೆ ಕೊಟ್ಟಿದ್ದಾರೆ.

ಕೋಣೆಯೊಳಗೆ ಏನು ನಡೆಯುತ್ತದೆ ಎಂದು ಸಾಧನಕೇರಿಯವರು ಕೇಳಿದರಲ್ಲ, ಅದೇ 1913ರ ಲೇಖನದಲ್ಲಿ ಲೆಕ್ಕವೆಲ್ಲ ಇದೆ. ಭಾನುವಾರ, ರಜಾದಿನ ಬಿಟ್ಟು ದಿನಾ ಒಂದು ಗಂಟೆ. ಕಾಯಿಲೆ ಹಗುರವಾಗಿದ್ದರೆ ಅಥವಾ ಚಿಕಿತ್ಸೆ ಚೆನ್ನಾಗಿ ಮುಂದುವರಿದಿದ್ದರೆ ವಾರಕ್ಕೆ ಮೂರು. ಮೊದಲ ಒಂದೆರಡು ವಾರ ಪರೀಕ್ಷೆಗೆ, ಈ ರೋಗಿಗೆ ಇದು ಒಗ್ಗುತ್ತದೆಯೇ ಎಂದು ನೋಡಲು. ಗೊತ್ತುಮಾಡಿದ ಗಂಟೆ ರೋಗಿಯದು, ಬಾರದಿದ್ದರೂ ಶುಲ್ಕ ಕೊಡಬೇಕು. ರೋಗಿ ದಿವಾನದ ಮೇಲೆ, ವೈದ್ಯರು ತಲೆಯ ಹಿಂದೆ, ಕಣ್ಣಿಗೆ ಬೀಳದಂತೆ. ಕಾರಣವನ್ನೂ ಮುಚ್ಚಿಟ್ಟಿಲ್ಲ: ದಿನಕ್ಕೆ ಎಂಟು ಗಂಟೆ ಜನ ತಮ್ಮನ್ನೇ ದಿಟ್ಟಿಸುತ್ತಿದ್ದರೆ ತಮಗೆ ತಡೆಯಲಾಗದು; ಜತೆಗೆ ವೈದ್ಯರ ಮುಖಭಾವ ನೋಡಿ ರೋಗಿ ಮಾತು ತಿದ್ದಿಕೊಳ್ಳುವುದೂ ತಪ್ಪುತ್ತದೆ. ಭಾನುವಾರದ ಒಂದು ದಿನದ ಬಿಡುವಿಗೇ ಸೋಮವಾರ ಮಾತಿನ ಮೇಲೆ ಕೆನೆ ಕಟ್ಟಿರುತ್ತದೆ ಎಂದೂ ಬರೆದಿದ್ದಾರೆ. ಈಗ ವಾರಕ್ಕೆ ಮೂರರಿಂದ ಐದು ಸಲ, ಸಾಮಾನ್ಯವಾಗಿ ಐವತ್ತು ನಿಮಿಷ.

ವೈದ್ಯರಿಗೂ ನಿಯಮವಿದೆ. ಕೇಳುವಾಗ ಬರೆದುಕೊಳ್ಳಬಾರದು. ಬರೆಯಲು ಹೊರಟರೆ ಆರಿಸಲು ಶುರುಮಾಡುತ್ತೀರಿ, ಆರಿಸಿದರೆ ಮೊದಲೇ ಗೊತ್ತಿದ್ದದ್ದು ಮಾತ್ರ ಸಿಗುತ್ತದೆ. ಎಲ್ಲಕ್ಕೂ ಒಂದೇ ಸಮನಾದ ಗಮನ ಕೊಡಬೇಕು. ರೋಗಿ ಸೋಸದೆ ಹೇಳುವುದಕ್ಕೆ ವೈದ್ಯರು ಸೋಸದೆ ಕೇಳುವುದು ಜೋಡಿ.

ಕೆಡುವುದು ಎಲ್ಲಿ ಎಂದರೆ ಹೆಚ್ಚಾಗಿ ಅವಸರದಲ್ಲಿ. ಅರ್ಥ ಸರಿಯಿದ್ದರೂ ರೋಗಿ ಅದರ ಅಂಚಿಗೆ ಬರುವ ಮುಂಚೆ ಹೇಳಿದರೆ ಎದುರೊತ್ತು ಗಟ್ಟಿಯಾಗುತ್ತದೆ, ರೋಗಿ ಎದ್ದು ಹೋಗುತ್ತಾರೆ. ಮೊದಲ ಭೇಟಿಯಲ್ಲೇ ಕಾರಣ ಹೇಳಿಬಿಡುವ ವೈದ್ಯರನ್ನು ಕುರಿತೇ 1910ರಲ್ಲಿ "ಕಾಡು ಮನೋವಿಶ್ಲೇಷಣೆ" ಎಂದು ಫ್ರಾಯ್ಡ್ ಲೇಖನ ಬರೆದರು. ಇನ್ನೊಂದು ಕಡೆ ಭಾವ ವರ್ಗಾವಣೆ. ತಂದೆ, ತಾಯಿ, ಪ್ರೇಮಿಯ ಮೇಲಿದ್ದ ಪ್ರೀತಿ, ಸಿಟ್ಟು, ಅನುಮಾನ ವೈದ್ಯರ ಮೇಲೆ ಇಳಿಯುತ್ತದೆ. ಡೋರಾ ಎಂಬ 18ರ ಹುಡುಗಿ 1900ರ ಡಿಸೆಂಬರ್ 31ರಂದು, ಹನ್ನೊಂದು ವಾರಕ್ಕೇ ಚಿಕಿತ್ಸೆ ಬಿಟ್ಟುಹೋದಳು. ಆಕೆ ತನ್ನ ಮೇಲೆ ತಂದು ಹೊರಿಸುತ್ತಿದ್ದುದನ್ನು ತಾನು ಸಮಯಕ್ಕೆ ಗಮನಿಸಲಿಲ್ಲ ಎಂದು ಫ್ರಾಯ್ಡ್ 1905ರಲ್ಲಿ ಅಚ್ಚಿನಲ್ಲೇ ಒಪ್ಪಿಕೊಂಡರು. ವರ್ಗಾವಣೆ ಅಡ್ಡಿಯಷ್ಟೇ ಅಲ್ಲ, ಅದೇ ಅತಿ ಬಲವಾದ ಸಾಧನ ಎಂಬ ಅರಿವು ಈ ಸೋಲಿನಿಂದ ಬಂತು.

ಓಲೆಗರಿ · ಮಧ್ಯಾಹ್ನ 3:30

ಸೋಸದೆ ಹೇಳುವುದರಿಂದ ಏನು ಸಿಗುತ್ತದೆ ಎಂದು ತೋರಿಸಲು 1898ರಲ್ಲಿ ಫ್ರಾಯ್ಡ್ ಪ್ರಕಟಿಸಿದ ತಮ್ಮದೇ ಮರೆವಿನ ಉದಾಹರಣೆ ಕೊಡಬಹುದು. ರಗೂಸಾದಿಂದ (ಈಗಿನ ದುಬ್ರೋವ್ನಿಕ್) ಹೆರ್ಜೆಗೋವಿನಾ ಕಡೆಗೆ ಪ್ರಯಾಣ, ಜತೆಗೊಬ್ಬ ಅಪರಿಚಿತ ಸಹಪ್ರಯಾಣಿಕ. ಓರ್ವಿಯೆತೊ ಚರ್ಚಿನ ಭಿತ್ತಿಚಿತ್ರ ಬರೆದ ಕಲಾವಿದನ ಹೆಸರು ಸಿನ್ಯೊರೆಲ್ಲಿ. ಅದು ಬಾಯಿಗೆ ಬಾರದೆ ಬೊತ್ತಿಚೆಲ್ಲಿ, ಬೊಲ್ತ್ರಾಫಿಯೊ ಎಂಬೆರಡು ತಪ್ಪು ಹೆಸರು ಬಂದವು. ಬಿಡಿಸಿದರೆ ಹೀಗೆ: "ಎಲ್ಲಿ" ಉಳಿದುಕೊಂಡಿತು. "ಸಿನ್ಯೊರ್" ಎಂದರೆ ಸ್ವಾಮಿ, ಜರ್ಮನ್ನಿನಲ್ಲಿ "ಹೆರ್". ಅದು ಹೆರ್ಜೆಗೋವಿನಾದಲ್ಲೂ ಇದೆ, ಅಲ್ಲಿನ ತುರ್ಕರು ವೈದ್ಯರನ್ನು ಕರೆಯುವ ಮಾತಾಗಿ ಆಗಷ್ಟೇ ಫ್ರಾಯ್ಡ್ ಬಾಯಲ್ಲೂ ಬಂದಿತ್ತು. "ಬೊ" ಬಂದದ್ದು ಬೋಸ್ನಿಯಾದಿಂದ. "ತ್ರಾಫಿಯೊ" ಬಂದದ್ದು ತ್ರಾಫೋಯ್ ಎಂಬ ಊರಿನಿಂದ. ತಮ್ಮ ರೋಗಿಯೊಬ್ಬ ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಫ್ರಾಯ್ಡ್‌ಗೆ ತಲುಪಿದ್ದು ಅಲ್ಲಿ. ಆಗ ಮನಸ್ಸಿಗೆ ಬಂದ ಸಾವು ಮತ್ತು ಲೈಂಗಿಕತೆಯ ಮಾತನ್ನು ಆ ಅಪರಿಚಿತನ ಮುಂದೆ ಬೇಡವೆಂದು ಫ್ರಾಯ್ಡ್ ತಡೆದರು, ಅದರ ಜತೆ ಹೆಸರೂ ಎಳೆದುಕೊಂಡು ಹೋಯಿತು.

ಇದರ ವಿರುದ್ಧ ಬಂದ ಅತಿ ಚುರುಕಾದ ಟೀಕೆ ವೈದ್ಯರದ್ದಲ್ಲ, ಗ್ರಂಥಸಂಪಾದಕರದ್ದು. ಇಟಲಿಯ ಸೆಬಾಸ್ತಿಯಾನೊ ತಿಂಪನಾರೊ 1974ರಲ್ಲಿ ಫ್ರಾಯ್ಡ್ ಕೊಟ್ಟ ಇಂಥ ಮರೆವುಗಳನ್ನೇ ಹಿಡಿದು ಪುಸ್ತಕ ಬರೆದರು. ಅಪರಿಚಿತ ಪದದ ಜಾಗದಲ್ಲಿ ಅದೇ ಅಂತ್ಯವಿರುವ ಪರಿಚಿತ ಪದ ಬರುವುದು ಲಿಪಿಕಾರರ ಮಾಮೂಲಿ ತಪ್ಪು, ಅದಕ್ಕೆ ದಮನ ಬೇಕಿಲ್ಲ ಎಂಬುದು ಅವರ ವಾದ. ಓಲೆಗರಿ ಪ್ರತಿಗಳನ್ನು ಹೋಲಿಸಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಹಳಗನ್ನಡದ ಅಪರೂಪದ ಪದ ಬಂದಲ್ಲಿ ಪ್ರತಿಕಾರ ತನಗೆ ಗೊತ್ತಿದ್ದ ಪದ ಬರೆದಿರುತ್ತಾನೆ. ಅದಕ್ಕೇ ಸಂಪಾದಕರು ಕ್ಲಿಷ್ಟ ಪಾಠವನ್ನು ಹೆಚ್ಚು ನಂಬುತ್ತಾರೆ. ಬೊತ್ತಿಚೆಲ್ಲಿ ಸಿನ್ಯೊರೆಲ್ಲಿಗಿಂತ ಎಷ್ಟೋ ಪಾಲು ಪ್ರಸಿದ್ಧ. ಫ್ರಾಯ್ಡ್ ಕಥೆ ಸುಂದರ, ಆದರೆ ಸುಂದರವಾಗಿ ಹೊಂದಿತು ಎಂಬುದು ಪುರಾವೆಯಲ್ಲ. ಎರಡನ್ನೂ ಅಕ್ಕಪಕ್ಕ ಕೊಡಿ.

ಮಂಜಿನಹನಿ · ಸಂಜೆ 4:10

ಪುರಾವೆಯ ಮಾತಿಗೆ ಇನ್ನೊಂದು. ರೋಗಿ ಹೌದೆಂದರೆ ವೈದ್ಯರದ್ದು ಸರಿ, ಅಲ್ಲವೆಂದರೆ ಅದು ಎದುರೊತ್ತು, ಆಗಲೂ ವೈದ್ಯರದ್ದೇ ಸರಿ ಎಂಬ ದೂರು ಹಳೆಯದು. 1937ರಲ್ಲಿ ಫ್ರಾಯ್ಡ್ ಇದಕ್ಕೆ ಉತ್ತರಿಸಿದರು: ಹೌದೂ ಪುರಾವೆಯಲ್ಲ, ಅಲ್ಲವೂ ಅಲ್ಲ, ಹೇಳಿದ ಮೇಲೆ ಹೊಸ ನೆನಪು, ಹೊಸ ಎಳೆ ಬರುತ್ತದೆಯೇ ನೋಡಬೇಕು. 1984ರಲ್ಲಿ ತತ್ತ್ವಶಾಸ್ತ್ರಜ್ಞ ಅಡಾಲ್ಫ್ ಗ್ರ್ಯೂನ್‌ಬಾಮ್ ಅಷ್ಟೂ ಸಾಲದು ಎಂದರು, ಏಕೆಂದರೆ ಆ ಹೊಸ ಎಳೆಯೂ ವೈದ್ಯರ ಸೂಚನೆಯಿಂದ ಹುಟ್ಟಿರಬಹುದು. ಲೂಸಿಗೆ ಊಹೆಯನ್ನು ಮುಂದಿಟ್ಟವರು ಫ್ರಾಯ್ಡ್ ಎಂಬುದನ್ನು ಮರೆಯುವಂತಿಲ್ಲ. ಈ ಪ್ರಶ್ನೆಗೆ ತೃಪ್ತಿಯಾಗುವ ಉತ್ತರ ಮನೋವಿಶ್ಲೇಷಕರ ಕಡೆಯಿಂದ ಬಂದಿದೆ ಎಂದು ನನಗನಿಸುವುದಿಲ್ಲ.

ಸಾಧನಕೇರಿ · ಸಂಜೆ 5:00

ಭಾರತದ ಒಂದು ಪ್ಯಾರಾ ಬೇಕು, ಅದನ್ನ ಬಿಡಬ್ಯಾಡ್ರಿ. ಗಿರೀಂದ್ರಶೇಖರ ಬೋಸ್ (1887–1953) ಕಲ್ಕತ್ತಾದ ವೈದ್ಯರು. ದಮನದ ಪರಿಕಲ್ಪನೆಯ ಮೇಲೆ 1921ರಲ್ಲಿ ಪ್ರಬಂಧ ಬರೆದು ಫ್ರಾಯ್ಡ್‌ಗೆ ಕಳಿಸಿದರು. 1922ರಲ್ಲಿ ಇಂಡಿಯನ್ ಸೈಕೋಅನಲಿಟಿಕಲ್ ಸೊಸೈಟಿ ಹುಟ್ಟಿ ಅದೇ ವರ್ಷ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘಕ್ಕೆ ಸೇರಿತು. ದಮನಕ್ಕೆ ಬೋಸರ ವಿವರಣೆ ಬೇರೆ: ಪ್ರತಿ ಬಯಕೆಯ ಜತೆ ಅದರ ವಿರುದ್ಧ ಬಯಕೆಯೂ ಹುಟ್ಟುತ್ತದೆ, ಹೊಡೆಯುವ ಬಯಕೆಯೊಂದಿಗೆ ಹೊಡೆಸಿಕೊಳ್ಳುವ ಬಯಕೆ. ಒಂದು ಇನ್ನೊಂದನ್ನು ಒತ್ತಿ ಹಿಡಿಯುತ್ತದೆ, ಹೊರಗಿನ ಭಯವೊಂದೇ ಕಾರಣವಲ್ಲ. ಭಾರತದ ಗಂಡುರೋಗಿಗಳಲ್ಲಿ ಹೆಣ್ಣಾಗುವ ಬಯಕೆ ಯುರೋಪಿನವರಿಗಿಂತ ಸುಲಭವಾಗಿ ಮೇಲೆ ಬರುತ್ತದೆ ಎಂದೂ ಅವರು ಫ್ರಾಯ್ಡ್‌ಗೆ ಬರೆದರು. ಫ್ರಾಯ್ಡ್ ಪೂರ್ತಿ ಒಪ್ಪಲಿಲ್ಲ, ಬೋಸ್ ಬಿಟ್ಟುಕೊಡಲಿಲ್ಲ. ಸೊಸೈಟಿ 1931ರಲ್ಲಿ ಫ್ರಾಯ್ಡರ 75ನೇ ಹುಟ್ಟುಹಬ್ಬಕ್ಕೆ ಕಳಿಸಿದ ದಂತದ ವಿಷ್ಣು ವಿಗ್ರಹ ಅವರ ಮೇಜಿನ ಮೇಲೆ ಇತ್ತು.

ಅಘನಾಶಿನಿ · ರಾತ್ರಿ 8:25

ಎಲ್ಲರಿಗೂ ಮನಸಾರೆ ವಂದನೆ. ತಿದ್ದಿದ ಆರಂಭ:

"ಮನೋವಿಶ್ಲೇಷಣೆ ಎಂದರೆ ಮೊದಲಿಗೆ ಒಂದು ಕೆಲಸದ ವಿಧಾನ. ರೋಗಿ ತನಗೆ ತೋಚಿದ್ದನ್ನು ಸೋಸದೆ ಹೇಳುವುದು, ವೈದ್ಯರು ಸೋಸದೆ ಕೇಳುವುದು, ಅರಿವಿನಿಂದ ಹೊರಗೆ ಒತ್ತಿಹಿಡಿದ ಬಯಕೆ ಮತ್ತು ನೆನಪುಗಳು (ಅಪ್ರಜ್ಞೆ, ಕನ್ನಡದಲ್ಲಿ ಸುಪ್ತ ಮನಸ್ಸು ಎಂದೂ ರೂಢಿ) ಲಕ್ಷಣ, ಕನಸು, ಬಾಯಿತಪ್ಪುಗಳಲ್ಲಿ ಹೇಗೆ ಹೊರಬೀಳುತ್ತವೆ ಎಂದು ನೋಡುವುದು. 1880ರಿಂದ 1900ರ ನಡುವೆ ವಿಯೆನ್ನಾದಲ್ಲಿ ಬ್ರಾಯರ್, ಫ್ರಾಯ್ಡ್ ಮತ್ತು ಅವರ ರೋಗಿಗಳ ನಡುವೆ ಇದು ರೂಪುಗೊಂಡಿತು. 1896ರಲ್ಲಿ ಹೆಸರು ಪಡೆಯಿತು. ಚಿಕಿತ್ಸೆ ಮತ್ತು ಸಿದ್ಧಾಂತ ಎಂಬ ಅರ್ಥಗಳು ಇದರ ಮೇಲೆ ನಿಂತಿವೆ."

ಒಂದೇ ಅನುಮಾನ ಉಳಿದಿದೆ. "ಒತ್ತಿಹಿಡಿದ" ಎಂದರೆ ಬೇಕೆಂದೇ ಮಾಡಿದ್ದು ಎನಿಸುತ್ತದೆಯೇ?

ಓಲೆಗರಿ · ರಾತ್ರಿ 9:10

ಅನಿಸುತ್ತದೆ, ಸ್ವಲ್ಪ ಹಾಗೇ ಅನಿಸಬೇಕು ಕೂಡ. "ಮರೆತೆ" ಎಂದರೆ ನಾನು ಮಾಡಿದ್ದು. "ಮರೆತುಹೋಯಿತು" ಎಂದರೆ ತಾನಾಗಿ ಆದದ್ದು, ನನ್ನ ತಪ್ಪಿಲ್ಲ. ಪರೀಕ್ಷೆಯ ದಿನಾಂಕ, ಸಾಲ ಕೊಟ್ಟವರ ಮುಖ, ಬೇಡದ ಮದುವೆಯ ಕರೆ ಎಲ್ಲ ಕನ್ನಡದಲ್ಲಿ ಮರೆತುಹೋಗುತ್ತವೆ. ಆ "ಹೋಯಿತು" ಒಳಗೆ ಒಂದು "ಮರೆತೆ" ಅಡಗಿರಬಹುದು, ಯಾರದೆಂದು ಕೇಳಿ ನೋಡು ಎನ್ನುತ್ತಾರೆ ಫ್ರಾಯ್ಡ್. ಲೂಸಿಯ ಉತ್ತರದಲ್ಲಿ ಆ ಎರಡೂ ಕ್ರಿಯಾಪದಗಳಿವೆ: "ಗೊತ್ತಿರಲಿಲ್ಲ", ಆಮೇಲೆ "ಗೊತ್ತುಮಾಡಿಕೊಳ್ಳುವುದು ಬೇಡವಾಗಿತ್ತು". ಆ ವಾಕ್ಯವನ್ನು ಆರಂಭದ ಪಕ್ಕದಲ್ಲೇ ಚೌಕಟ್ಟಿನಲ್ಲಿ ಹಾಕಿ, "ಒತ್ತಿಹಿಡಿದ" ಹಾಗೇ ಇರಲಿ.